ಆಗಲೇ ಹೋಗಿಬಂದವರು

ಪ್ರತಿ ಸ್ನೇಹಿತರ ಬಳಗದಲ್ಲೂ ಒಬ್ಬರು ‘ಹೋಗಿಬಂದವರು’ ಇರುತ್ತಾರೆ. ಎಲ್ಲಿಗೆ ಎಂದು ಯಾರೂ ಕೇಳಬೇಕಿಲ್ಲ, ಅವರೇ ಹೇಳುತ್ತಾರೆ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗಿನ ವಾಕಿಂಗ್ ಮಾಡುವ ಮೈಸೂರಿನ ಬಳಗವೊಂದರಲ್ಲಿ ಈ ಹುದ್ದೆ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರಿಗೆ ಸೇರಿದ್ದು. ಅವರು ಹೋಗಿಬಂದದ್ದು ಮಾಲ್ಡೀವ್ಸ್‌ಗೆ. ಚಳಿಗಾಲ, ಮಳೆಗಾಲ ಎನ್ನದೆ ಅವರ ತಲೆ ಮೇಲಿರುವ ನೀಲಿ ಟೋಪಿಯೂ ಅದನ್ನೇ ಹೇಳುತ್ತದೆ.

2024ರ ಜನವರಿಯಲ್ಲಿ ಪ್ರಧಾನಿ ಲಕ್ಷದ್ವೀಪದ ನೀರಿಗಿಳಿದ ಫೋಟೊಗಳು ಬಂದವು. ಅದಕ್ಕೆ ಏನೇನೋ ಬರೆದು ಮಾಲ್ಡೀವ್ಸ್‌ನ ಮೂವರು ಉಪಸಚಿವರು ಅಮಾನತಾದರು. ದೇಶದ ಪ್ರವಾಸಿಗರೆಲ್ಲ ರಾತ್ರೋರಾತ್ರಿ ಪಕ್ಷ ಬದಲಿಸಿದರು. ಹೋಗಿಬಂದವರು ಮಾತ್ರ ಬದಲಿಸಲಿಲ್ಲ. ಅವರು ಆಗಲೇ ದುಡ್ಡು ಕೊಟ್ಟಾಗಿತ್ತು.

ಬಳಗದ ನಾಲ್ಕು ದಂಪತಿಗಳು ಲಕ್ಷದ್ವೀಪಕ್ಕೆ ಹೊರಡುವುದೆಂದು ನಿಶ್ಚಯವಾದಾಗ ಮೊದಲ ಆಕ್ಷೇಪ ಬಂದದ್ದು ಪರ್ಮಿಟ್ ಬಗ್ಗೆ. ಅಲ್ಲಿಗೆ ಹೋಗಲು ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು, ಅರ್ಜಿಯ ಜೊತೆ ಪೊಲೀಸ್ ಕ್ಲಿಯರೆನ್ಸ್ ಇಡಬೇಕು. “ಮಾಲ್ಡೀವ್ಸ್‌ನಲ್ಲಿ ಇಳೀತಿದ್ದಹಾಗೇ ವೀಸಾ ಹೊಡೆದುಕೊಡ್ತಾರ್ರೀ, ಬಿಟ್ಟಿ!” ಎಂದರು. ಅದೇನೋ ನಿಜ. ಆದರೂ ಪೊಲೀಸ್ ಠಾಣೆಗೆ ಎಲ್ಲರಿಗಿಂತ ಮೊದಲು ಹೋದವರು ಅವರೇ. ಹೋಗಿಬಂದವರ ಸ್ವಭಾವವೇ ಹಾಗೆ. ಬೇಡ ಅನ್ನುತ್ತಲೇ ಮುಂದಿನ ಸೀಟಿನಲ್ಲಿ ಕೂತಿರುತ್ತಾರೆ.

ಕೊಚ್ಚಿಯಿಂದ ಹೊರಡುವ ಎಂ.ವಿ. ಕವರತ್ತಿ ಏಳುನೂರು ಮಂದಿಯನ್ನು ಹೊರುವ ಹಡಗು. ಪ್ರವಾಸಿಗಳು ಅದರಲ್ಲಿ ಸ್ವಲ್ಪ ಪಾಲು; ಉಳಿದವರು ಆಸ್ಪತ್ರೆ, ಕಾಲೇಜು, ಮದುವೆ ಬಟ್ಟೆ ಅಂತ ಕೇರಳಕ್ಕೆ ಬಂದು ಊರಿಗೆ ಮರಳುವ ದ್ವೀಪದವರು. ಕವರತ್ತಿ ದ್ವೀಪ ನಾನೂರು ಕಿಲೋಮೀಟರ್ ದೂರ. ರಾತ್ರಿ ಹಡಗಿನಲ್ಲಿ ನಿದ್ದೆ, ಹಗಲು ಒಂದೊಂದು ದ್ವೀಪ.

ಇಂಥ ಕಥೆಗಳಲ್ಲಿ ಜಂಬದವನಿಗೇ ಮೊದಲು ವಾಂತಿಯಾಗಬೇಕು ಎಂದು ಓದುಗರು ಕಾಯುತ್ತಾರೆ. ಆಗಲಿಲ್ಲ. ಮಿಕ್ಕವರೆಲ್ಲ ಅವೊಮಿನ್ ನುಂಗಿ ಬಂಕಿನಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ದಾಗ ಹೋಗಿಬಂದವರು ಕ್ಯಾಂಟೀನಿನಿಂದ ಮೀನು ಫ್ರೈ ತಂದು, ಅವರ ಎದುರೇ ಕೂತು ಮುಳ್ಳು ಬಿಡಿಸುತ್ತಾ, “ಸೀಪ್ಲೇನಿನಲ್ಲಿ ಈ ತಾಪತ್ರಯ ಇರಲ್ಲ ನೋಡಿ” ಎಂದರು. ಆಗ ಪಕ್ಕದ ಬಂಕಿನಿಂದ ಅವರ ಹೆಂಡತಿಯ ಕ್ಷೀಣ ಧ್ವನಿ ಬಂತು: “ಸೀಪ್ಲೇನ್ ಮೇಲೆ ಹೋಗ್ತಿತ್ತು. ನಾವು ಕೆಳಗೆ ಸ್ಪೀಡ್‌ಬೋಟಲ್ಲಿದ್ವಿ.”

ಅಲ್ಲಿಗೆ ಗುಟ್ಟು ಬಯಲಾಯಿತು. ಮೂರು ರಾತ್ರಿ, ಮಾಫುಶಿ ದ್ವೀಪದ ಗೆಸ್ಟ್‌ಹೌಸು. ನೀರಿನ ಮೇಲೆ ಕಟ್ಟಿದ ವಿಲ್ಲಾಗಳನ್ನು ಅವರೂ ಎಲ್ಲರಂತೆ ಫೋಟೊದಲ್ಲೇ ನೋಡಿದ್ದು.

ಹಡಗು ಲಗೂನಿನ ಒಳಗೆ ಬರುವುದಿಲ್ಲ, ಹವಳದ ದಿಬ್ಬದಿಂದಾಚೆ ಲಂಗರು ಹಾಕುತ್ತದೆ. ಪಕ್ಕೆಯ ಬಾಗಿಲು ತೆರೆದರೆ ಕೆಳಗೊಂದು ದೋಣಿ ಅಲೆಯ ಜೊತೆ ಆಳುದ್ದ ಏಳುತ್ತಾ ಬೀಳುತ್ತಾ ಇರುತ್ತದೆ. ದೋಣಿ ಮೇಲೆ ಬಂದ ಆ ಒಂದು ಕ್ಷಣಕ್ಕೆ ದ್ವೀಪದ ಇಬ್ಬರು ಹುಡುಗರು ಎರಡೂ ರಟ್ಟೆ ಹಿಡಿದು ಎಳೆದುಕೊಳ್ಳುತ್ತಾರೆ. ಯೋಚಿಸಲು ವ್ಯವಧಾನವಿಲ್ಲ. ಹೋಗಿಬಂದವರು ಬಾಗಿಲಲ್ಲಿ ನಿಂತು, ಹಿಂದಿದ್ದವರತ್ತ ತಿರುಗಿ, “ಮಾಲ್ಡೀವ್ಸ್‌ನಲ್ಲಿ ಜೆಟ್ಟಿ ಹೇಗಿರುತ್ತೆ ಅಂದರೆ” ಎಂದು ಶುರುಮಾಡಿದರು. ಮಾತು ಹಡಗಿನಲ್ಲೇ ಉಳಿಯಿತು, ಅವರು ದೋಣಿಯಲ್ಲಿದ್ದರು.

ಕವರತ್ತಿಯಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರವಿದೆ. ಸುಮಾರು 350 ಮೀಟರ್ ಆಳದಿಂದ ತಣ್ಣೀರನ್ನು ಮೇಲಕ್ಕೆಳೆದು, ಮೇಲ್ಪದರದ ಬೆಚ್ಚನೆಯ ನೀರನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ, ಆ ಆವಿಯನ್ನು ತಣ್ಣೀರಿನ ಕೊಳವೆಗಳಿಂದ ತಣಿಸುತ್ತಾರೆ. 2005ರಲ್ಲಿ ದಿನಕ್ಕೆ ಒಂದು ಲಕ್ಷ ಲೀಟರ್ ಸಾಮರ್ಥ್ಯದಿಂದ ಶುರುವಾದದ್ದು. ಬಳಗದ ಎಂಜಿನಿಯರರು ಹಿಗ್ಗಿಹೋಗಿ ವಿವರಿಸಿದರು. “ಅಲ್ಲಿ ಬಾಟ್ಲಿ ನೀರೇ ಕೊಟ್ಟುಬಿಡ್ತಾರೆ” ಎಂದರು ಹೋಗಿಬಂದವರು.

ಕಲ್ಪೇನಿಯ ದಡದಲ್ಲಿ 1847ರ ಚಂಡಮಾರುತ ಎಸೆದುಹೋದ ಹವಳದ ಕಲ್ಲುಗಳ ದಂಡೆ ಈಗಲೂ ಇದೆ. ಅದನ್ನು ಅವರು ತಿರುಗಿಯೂ ನೋಡಲಿಲ್ಲ. ಬಗ್ಗಿ ಒಂದು ಹಿಡಿ ಮರಳೆತ್ತಿ, ಅಂಗಡಿಯಲ್ಲಿ ರವೆ ಪರೀಕ್ಷಿಸುವ ಗೃಹಿಣಿಯಂತೆ ಬೆರಳಲ್ಲಿ ಉಜ್ಜಿ, “ಮಾಲ್ಡೀವ್ಸ್ ಮರಳು ಇನ್ನೂ ನಯ” ಎಂದು ತೀರ್ಪಿತ್ತರು. ಬಳಗದಲ್ಲಿ ಪ್ರಾಣಿಶಾಸ್ತ್ರ ಕಲಿಸಿದ ಮೇಡಂ ಒಬ್ಬರಿದ್ದರು. ಈ ಬಿಳಿ ಮರಳಿನ ದೊಡ್ಡ ಪಾಲು ಗಿಳಿಮೀನಿನ ವಿಸರ್ಜನೆ, ಅದು ಪಾಚಿಗಾಗಿ ಹವಳದ ಕಲ್ಲನ್ನು ಕಚ್ಚಿ, ಗಂಟಲಲ್ಲಿ ಅರೆದು, ಹಿಂದಿನಿಂದ ಬಿಡುತ್ತದೆ, ದೊಡ್ಡ ಮೀನೊಂದು ವರ್ಷಕ್ಕೆ ನೂರಾರು ಕಿಲೊ ಮರಳು ಮಾಡುತ್ತದೆ ಎಂದು ತಿಳಿಸಿದರು. ಹೋಗಿಬಂದವರು ಕೈ ಒರೆಸಿಕೊಂಡರು. ಕ್ಷಣ ಬಿಟ್ಟು, “ಅಲ್ಲಿನ ಮೀನಿಗೆ ಜೀರ್ಣಶಕ್ತಿ ಚೆನ್ನಾಗಿರಬೇಕು” ಎಂದರು. ಸೋಲು ಅನ್ನುವುದು ಅವರ ಜಾತಕದಲ್ಲಿಲ್ಲ.

ಪುತ್ತೂರಿನವರೊಬ್ಬರು ಇನ್ನೊಂದು ಬಗೆಯಲ್ಲಿ ಮಣಿಸಲು ನೋಡಿದರು. “ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ, ಇವೆಲ್ಲ 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಮಾರಾಯ್ರೆ. ದ್ವೀಪದವರು ನಾರಿನ ಹಗ್ಗ ಮಂಗಳೂರಿಗೆ ತಂದು ಕೊಡುವುದು, ಅಕ್ಕಿ ತಕ್ಕೊಂಡು ಹೋಗುವುದು.” ಉತ್ತರ ಸಿದ್ಧವಿತ್ತು: “ಹಾಗಾದರೆ ಪುತ್ತೂರಿಗೆ ಬರೋದಕ್ಕೆ ನಾನು ಪೊಲೀಸ್ ಕ್ಲಿಯರೆನ್ಸ್ ತಂದೆನೇ?”

ಕೊನೆಯ ದ್ವೀಪ ಮಿನಿಕಾಯ್. ಉಳಿದ ದ್ವೀಪಗಳಿಂದ ದೂರ, ಒಂಬತ್ತು ಡಿಗ್ರಿ ಕಾಲುವೆಯ ದಕ್ಷಿಣಕ್ಕೆ, 1885ರ ಬಿಳಿ ದೀಪಸ್ತಂಭದ ಊರು. ದೋಣಿಯ ಹುಡುಗರು ತಮ್ಮೊಳಗೆ ಮಾತಾಡುತ್ತಿದ್ದುದನ್ನು ಕೇಳಿ ಹೋಗಿಬಂದವರ ಕಿವಿ ನೆಟ್ಟಗಾಯಿತು. “ಇದು ಮಲಯಾಳ ಅಲ್ಲ! ಮಾಲ್ಡೀವ್ಸ್‌ನಲ್ಲಿ ಹೀಗೇ ಮಾತಾಡ್ತಾರೆ!” ಮಧ್ಯಾಹ್ನ ಒಣ ಸೂರೆಮೀನಿನ ತುಂಡು ಬಾಯಿಗೆ ಹಾಕಿಕೊಂಡು, “ಇದೂ ಅಲ್ಲಿಯದೇ ರುಚಿ!” ಎಂದು ಕೂಗಿದರು.

ಅಷ್ಟರಲ್ಲಿ ಬಳಗ ಕಿವಿ ಮುಚ್ಚಿಕೊಂಡಾಗಿತ್ತು. ಯಾರೂ ತಲೆ ಎತ್ತಲಿಲ್ಲ. ಇಡೀ ಪ್ರವಾಸದಲ್ಲಿ ಅವರು ಸರಿಯಾಗಿ ಕಂಡದ್ದು ಅದೊಂದನ್ನೇ. ಮಿನಿಕಾಯ್‌ನ ಮಹಲ್ ನುಡಿ ಮಾಲ್ಡೀವ್ಸ್‌ನ ದಿವೇಹಿಯದೇ ಒಂದು ರೂಪ. ಎರಡು ದೇಶಗಳ ದ್ವೀಪಗಳೂ ಸಮುದ್ರದಡಿಯ ಒಂದೇ ಪರ್ವತಸಾಲಿನ ಮೇಲೆ ಕೂತಿವೆ, ಸೂರೆಮೀನನ್ನು ಗಾಳದ ಕೋಲಿನಿಂದ ಹಿಡಿದು ಬೇಯಿಸಿ ಒಣಗಿಸುವ ಕಸುಬೂ ಒಂದೇ. ಬೇರೆ ಯಾರಾದರೂ ಹೇಳಿದ್ದರೆ ಬಳಗ ಬಾಯಿಬಿಟ್ಟು ಕೇಳುತ್ತಿತ್ತು.

ಮೈಸೂರಿಗೆ ಮರಳಿದ ಮೇಲೆ ಮುರುಡೇಶ್ವರದಿಂದ ನೇತ್ರಾಣಿಗೆ ಹೋಗುವ ಮಾತು ಬಂತು. ಕರಾವಳಿಯಿಂದ ಇಪ್ಪತ್ತು ಕಿಲೋಮೀಟರಿನೊಳಗೆ ಇರುವ, ಕಡಿದಾದ ಬಂಡೆಯ ದ್ವೀಪ. ಡೈವಿಂಗ್ ಮಾಡುವವರು ದೋಣಿಯಿಂದಲೇ ನೀರಿಗಿಳಿಯಬೇಕು. ಹೋಗಿಬಂದವರು ಸಾಂಬಾರಿನಲ್ಲಿ ಇಡ್ಲಿ ಅದ್ದುತ್ತಾ ನಕ್ಕರು.

“ಮರಳೇ ಇಲ್ಲದ ದ್ವೀಪ ಏನ್ರೀ? ಲಕ್ಷದ್ವೀಪದಲ್ಲಿ ಲಗೂನ್ ಹೇಗಿತ್ತು ಅಂದರೆ...”

“ಮಾಲ್ಡೀವ್ಸ್?” ಎಂದು ಕೆಣಕಿದರು ಪುತ್ತೂರಿನವರು.

“ಅದು ಬಿಡಿ, ಬರೀ ದುಡ್ಡಿನ ದೌಲತ್ತು” ಎಂದು ಹೇಳಿ, ಹೋಗಿಬಂದವರು ಇನ್ನೆರಡು ಇಡ್ಲಿ ತರಿಸಿಕೊಂಡರು.