ಯಾರಪ್ಪ ಓಡ್ತಿರೋದು?

ಬೆಂಗಳೂರಿನ ಕೆಲವು ಸಾಫ್ಟ್‌ವೇರ್ ಕಚೇರಿಗಳಲ್ಲಿ, ಎಸಿ ಗಾಳಿ ನೇರ ನೆತ್ತಿಗೇ ಬಡಿಯುವ ಮೂಲೆಯಲ್ಲಿ, ಮಫ್ಲರ್ ಸುತ್ತಿಕೊಂಡ ಸ್ಪ್ಯಾನಿಷ್ ರಾಯರೊಬ್ಬರು ಕೂತಿರುತ್ತಾರೆ. ಇಂಗ್ಲಿಷಿನಲ್ಲಿ ತಯಾರಾದ ಸರಕು ಮೆಕ್ಸಿಕೊದಲ್ಲೂ ಮ್ಯಾಡ್ರಿಡ್‌ನಲ್ಲೂ ಮಾರಾಟವಾಗಬೇಕಲ್ಲ, ಅದಕ್ಕೆ ಬೇಕಾದ ಅನುವಾದಕರು. ಸ್ಪೇನ್ ನೋಡಿರುವುದು ಟಿವಿಯ ಫುಟ್‌ಬಾಲಿನಲ್ಲಷ್ಟೇ. ಆದರೂ ಅಲ್ಲಿಯ ಭಾಷೆ ಕಾಯುವ ರಾಯಲ್ ಅಕಾಡೆಮಿ ಹುಟ್ಟಿದ್ದು 1713ರಲ್ಲಿ ಎಂಬುದನ್ನು, ತಮ್ಮ ಮುತ್ತಾತನೇ ಗುದ್ದಲಿ ಪೂಜೆ ಮಾಡಿದ ಹಾಗೆ ಹೇಳುತ್ತಾರೆ.

‘ರನ್’ ಎಂಬುದಕ್ಕೆ ಸ್ಪ್ಯಾನಿಷಿನಲ್ಲಿ ಏನಂತಾರೆ ಎಂದು ಇವರನ್ನು ಕೇಳುವುದು ಹೊಸದಾಗಿ ಸೇರಿದ ಹುಡುಗರು ಮಾತ್ರ.

‘ಯಾರಪ್ಪ ಓಡ್ತಿರೋದು?’

‘ಯಾರೂ ಇಲ್ಲ ಸಾರ್. ಬರೀ ರನ್.’

‘ಬರೀ ರನ್ ಅನ್ನೋದು ಲೋಕದಲ್ಲೇ ಇಲ್ಲ ಕಣಯ್ಯ. ಕೂತ್ಕೋ.’

ಕೂತವನು ಕೆಟ್ಟ. ಮನುಷ್ಯ ಓಡಿದರೆ ಕೊರ್ರೆರ್. ಕಂಪನಿ ನಡೆಸಿದರೆ ದಿರಿಹಿರ್. ಮೂಗು ಸೋರಿದರೆ ಗೊತೆಯಾರ್. ಯಂತ್ರ ಓಡಿದರೆ ಫುನ್ಸಿಯೊನಾರ್. ‘ರನ್’ ಎಂಬ ಈ ಒಂದು ಕ್ರಿಯಾಪದಕ್ಕೆ ಆಕ್ಸ್‌ಫರ್ಡ್ ನಿಘಂಟಿನವರು 645 ಅರ್ಥ ಎಣಿಸಿಟ್ಟಿದ್ದಾರೆ. ರಾಯರು ಅಷ್ಟನ್ನೂ ಹೇಳುವುದಿಲ್ಲ, ಊಟಕ್ಕೆ ಬಿಡುತ್ತಾರೆ. ಊಟದಲ್ಲಿ ಚುನಾವಣೆ ಶುರು. ‘ಅಮೆರಿಕದವನು ಚುನಾವಣೆಗೆ ಓಡ್ತಾನೆ, ನಮ್ಮವನು ನಿಲ್ತಾನೆ. ಮೆಕ್ಸಿಕೊದಲ್ಲಿ ಪೊಸ್ತುಲಾರ್ಸೆ, ಸ್ಪೇನಿನಲ್ಲಿ ಪ್ರೆಸೆಂತಾರ್ಸೆ, ಅಂದರೆ ಬಂದು ಹಾಜರಾಗೋದು. ಗೆದ್ದ ಮೇಲೆ ಮಾತ್ರ ಯಾವ ದೇಶದಲ್ಲೂ ಹಾಜರಿ ಇಲ್ಲ ನೋಡು!’

ಸರಿ, ಗ್ವಾಗ್ವ ಹಿಡಿಯಲು ಓಡಿದ ಎನ್ನಿ. ಕ್ಯೂಬಾದಲ್ಲಿ ಅದು ಸಿಟಿ ಬಸ್ಸು, ಚಿಲಿಯಲ್ಲಿ ಎಳೆಗೂಸು. ಬಸ್ಸಿನ ಹಿಂದೆ ಓಡಿದನೋ, ತೊಟ್ಟಿಲ ಕಡೆ ಓಡಿದನೋ? ಕ್ರಿಕೆಟ್ಟಿನ ರನ್ನು ಕರ್ರೇರ. ಓಟದ ಪಂದ್ಯವೂ ಕರ್ರೇರ, ಕಾಲೇಜಿನ ಡಿಗ್ರಿಯೂ ಕರ್ರೇರ, ಹೆಂಗಸರ ಕಾಲುಚೀಲದಲ್ಲಿ ಎಳೆ ಕಿತ್ತುಹೋದರೆ ಅದೂ ಕರ್ರೇರವೇ. ಹುಡುಗ ಸಾಂಬಾರಿನಲ್ಲಿ ಅನ್ನ ಕಲಸುವುದನ್ನೇ ಮರೆತಿರುತ್ತಾನೆ.

ಹೀಗೆಲ್ಲ ನಗಬಹುದು. ಆದರೆ ರಾಯರ ಕಷ್ಟ ಸುಳ್ಳಲ್ಲ. ಅವರ ಪಾಲಿಗೆ ಬರುವುದು ಒಂದು ಎಕ್ಸೆಲ್ ಹಾಳೆ. ಎಡಗಡೆ ಇಂಗ್ಲಿಷ್, ಬಲಗಡೆ ಖಾಲಿ. ಚಿತ್ರವಿಲ್ಲ, ಹಿಂದುಮುಂದಿಲ್ಲ. ಒಂದು ಚೌಕದಲ್ಲಿ ‘ರನ್’ ಅಂತ ಒಂಟಿಯಾಗಿ ಕೂತಿದೆ. ಕಂಪ್ಯೂಟರ್ ಪ್ರೋಗ್ರಾಂ ಶುರುಮಾಡುವ ಗುಂಡಿಯಾದರೆ ಎಹೆಕುತಾರ್ ಎನ್ನಬೇಕು. ಆ ಎಹೆಕುತಾರ್‌ಗೆ ಮರಣದಂಡನೆ ಜಾರಿ ಮಾಡು ಎಂಬ ಅರ್ಥವೂ ಉಂಟು. ಇದು ಓಟಗಾರರ ಕೈಗಡಿಯಾರದ ಹಾಳೆಯಾಗಿದ್ದರೆ ಗತಿಯೇನು? ಬೆಳಗಾಗೆದ್ದು ಬೂಟು ಕಟ್ಟಿಕೊಂಡು ಪಾರ್ಕಿಗೆ ಹೊರಟ ಹೃದ್ರೋಗಿಯ ಮಣಿಕಟ್ಟಿನಲ್ಲಿ ‘ಗಲ್ಲಿಗೇರಿಸು’ ಅಂತ ಮಿನುಗಬೇಕೆ?

ರಾಯರು ಗ್ರಾಹಕರಿಗೆ ಇಮೇಲ್ ಬರೆದರು: ನಾಮಪದವೋ, ಕ್ರಿಯಾಪದವೋ? ಗುಂಡಿಯೋ, ಶೀರ್ಷಿಕೆಯೋ? ಸ್ಪೇನಿಗೋ, ಮೆಕ್ಸಿಕೊಗೋ? ಉತ್ತರ ಬಂತು: ‘ದಯವಿಟ್ಟು ಸೂಕ್ತವಾದುದನ್ನು ಬಳಸಿ.’ ಅನುವಾದಕರ ರಕ್ತದೊತ್ತಡ ಏರಿಸಲು ಇದಕ್ಕಿಂತ ಸೂಕ್ತವಾದ ವಾಕ್ಯ ಇನ್ನೊಂದಿಲ್ಲ. ರಾಯರು ಮತ್ತೆ ಬರೆದರು, ಈ ಸಲ ಪ್ರಶ್ನೆಗಳಿಗೆ ಅಂಕಿ ಹಾಕಿ, ಮ್ಯಾನೇಜರಿಗೂ ಒಂದು ಪ್ರತಿ ಕಳಿಸಿ. ವಾರ ಕಳೆದ ಮೇಲೆ ಮಾರುತ್ತರ: ‘ಆ ಪದವನ್ನೇ ತೆಗೆದಿದ್ದೇವೆ. ಗುಂಡಿಯ ಮೇಲೆ ತ್ರಿಕೋನದ ಚಿತ್ರ ಹಾಕಿದ್ದೇವೆ.’

ಅನುವಾದಕ್ಕೆ ಕೂಲಿ ಪದದ ಲೆಕ್ಕದಲ್ಲಿ, ತ್ರಿಕೋನಕ್ಕೆ ದರವಿಲ್ಲ. ರಾಯರು ಬಿಲ್ಲಿನಲ್ಲಿ ಒಂದು ಪದ ಕಳೆದು, ಮಫ್ಲರ್ ಬಿಗಿಮಾಡಿಕೊಂಡು ಮುಂದಿನ ಚೌಕಕ್ಕೆ ಹೋದರು. ಅಲ್ಲಿ ‘ಸೆಟ್’ ಅಂತಿತ್ತು.