ಮಲ್ಲೇಶ್ವರ–ಮಂಗಳೂರು ಯಾತ್ರಾ ಮೀಮಾಂಸೆ

ಬೆಂಗಳೂರಿನ ಮಲ್ಲೇಶ್ವರದಲ್ಲಿ ಸಂಪಿಗೆ ರಸ್ತೆಗೂ ಮಾರ್ಗೋಸಾ ರಸ್ತೆಗೂ ನಡುವೆ ಮನೆಯುಳ್ಳ ಗೃಹಸ್ಥನು ಸಪರಿವಾರನಾಗಿ ಹೋಗಿ ಪಡುವಣ ಕಡಲನ್ನು ಕಂಡು ಮರಳುವ ಕ್ರಿಯೆಗೆ ಮಂಗಳೂರು ಯಾತ್ರೆ ಎಂದು ಹೆಸರು. ಎಲ್ಲ ಶಾಸ್ತ್ರಗಳಿಗೆ ಇರುವಂತೆ ಇದಕ್ಕೂ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ಅನುಬಂಧಚತುಷ್ಟಯವಿದೆ. ವಿಷಯವೆಂದರೆ ಸಮುದ್ರ. ಅದು ಉಪ್ಪಾಗಿದೆ, ಪಶ್ಚಿಮಕ್ಕಿದೆ. ಹೆಚ್ಚಿನ ವಿವರಣೆ ಬೇಕಿಲ್ಲ.

1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಯನ್ನು ದಿನವೂ ಬೆಳಿಗ್ಗೆ ಸುತ್ತಿ, ಅದಕ್ಕಿಂತ ಹೆಚ್ಚು ನೀರು ಒಂದೇ ಕಡೆ ಇರುವುದು ದುಂದು ಎಂದು ನಂಬಿದವನೇ ಈ ಯಾತ್ರೆಗೆ ಅಧಿಕಾರಿ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿ ಬೆಳೆದ ಅವನಿಗೆ ಕರಾವಳಿಯ ಸೆಕೆ ಶಬ್ದಪ್ರಮಾಣದಿಂದ ಗೊತ್ತೇ ಹೊರತು ಪ್ರತ್ಯಕ್ಷದಿಂದಲ್ಲ. ಆದಕಾರಣ ಮೇ ತಿಂಗಳಲ್ಲಿ, ಮಕ್ಕಳ ರಜೆಯೆಂಬ ಏಕೈಕ ಮುಹೂರ್ತದಲ್ಲಿ, ಸ್ವೆಟರ್ ಸಮೇತ ಹೊರಡುತ್ತಾನೆ. ಜೊತೆಗೆ ಕೋಡುಬಳೆ, ಪುಳಿಯೋಗರೆ ಗೊಜ್ಜು, ಫಿಲ್ಟರು, ಕಾಫಿಪುಡಿ. ಕಾಫಿಪುಡಿ ಒಯ್ಯುವುದು ನಿತ್ಯವಿಧಿ ಎಂಬುದು ಎಂಟನೇ ಕ್ರಾಸಿನ ಪಂಥದವರ ಮತ. ಸಕಲೇಶಪುರದ ಕಾಫಿತೋಟಗಳ ನಡುವೆಯೇ ಹಾದುಹೋಗುವಾಗ ಮಡಿಲಲ್ಲಿ ಕಾಫಿಪುಡಿಯ ಪೊಟ್ಟಣ ಇಟ್ಟುಕೊಂಡಿರುವುದು ನಾಚಿಕೆಗೇಡು ಎಂದು ಹದಿನೈದನೇ ಕ್ರಾಸಿನವರು ಖಂಡಿಸುತ್ತಾರೆ. ಖಂಡಿಸಿದ ಮೇಲೆ ಅವರೂ ಒಯ್ಯುತ್ತಾರೆ.

ಮಾರ್ಗ ಎರಡು. ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಇಳಿಯುವವನು ವಾಂತಿಮಾತ್ರೆ ನುಂಗಿ ಕಣ್ಣು ಮುಚ್ಚಿರುತ್ತಾನೆ. ಘಾಟಿಯ ಸೌಂದರ್ಯವನ್ನು ಊರಿಗೆ ಬಂದು ಅತಿ ದೀರ್ಘವಾಗಿ ವರ್ಣಿಸುವವನೂ ಅವನೇ. ಇನ್ನೊಂದು, ಯಶವಂತಪುರದಿಂದ ಹಗಲು ರೈಲು. ಹಾಸನ–ಮಂಗಳೂರು ಮೀಟರ್‌ಗೇಜ್ ಹಳಿ ಪೂರ್ತಿಯಾದದ್ದು 1979ರಲ್ಲಿ. ಅದನ್ನು ಕಿತ್ತು ಬ್ರಾಡ್‌ಗೇಜ್ ಹಾಕಿ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ. ಮಲ್ಲೇಶ್ವರದ ಯಾವ ಕುಟುಂಬವೂ ಇವನ್ನು ಕೊನೆಯವರೆಗೆ ಎಣಿಸಿದ ದಾಖಲೆಯಿಲ್ಲ. ಹನ್ನೆರಡನೆಯದರ ಹೊತ್ತಿಗೆ ಉಪ್ಪಿಟ್ಟಿನ ಡಬ್ಬಿ ತೆರೆದಿರುತ್ತದೆ.

ಪಣಂಬೂರಿನ ಮರಳಿಗೆ ಇಳಿದ ಕೂಡಲೇ ಧರ್ಮಸೂಕ್ಷ್ಮವೊಂದು ಎದುರಾಗುತ್ತದೆ. ಪರ್ವದಿನ ಬಿಟ್ಟು ಬೇರೆ ದಿನ ಸಮುದ್ರವನ್ನು ಮುಟ್ಟಬಾರದೆಂಬುದು ಹಿರಿಯರ ಆಚಾರ. ಅಜ್ಜಿ ಪಂಚಾಂಗ ನೋಡಿಯೇ ಹೊರಟಿರುತ್ತಾರೆ, ಅಂದು ಷಷ್ಠಿ. ಇತ್ತ ಮೊಮ್ಮಕ್ಕಳು ಸೊಂಟದವರೆಗೆ ನೀರಿನಲ್ಲಿರುತ್ತಾರೆ. ಹೋಗಿ ಮುಟ್ಟುವುದು ಬೇರೆ, ನಿಂತವನ ಕಾಲಿಗೆ ತೆರೆ ತಾನಾಗಿ ಬಂದು ಸೋಕುವುದು ಬೇರೆ. ಎರಡನೆಯದರಲ್ಲಿ ದೋಷ ಸಮುದ್ರದ್ದು ಎಂಬುದು ಸಿದ್ಧಾಂತ. ಈ ನಿರ್ಣಯವಾದ ಮೇಲೆ ಅಜ್ಜಿಯೂ ಸೀರೆಯ ನಿರಿಗೆ ಎತ್ತಿಹಿಡಿದು, ಸಮುದ್ರವು ತಪ್ಪು ಮಾಡಲೆಂದು ಬಹಳ ಹೊತ್ತು ಕಾಯುತ್ತಾರೆ.

ನಗರದರ್ಶನವನ್ನು ಊಟದ ಹೊತ್ತಿನೊಳಗೆ ಮುಗಿಸುವುದು ವಾಡಿಕೆ. ಕದ್ರಿಯಲ್ಲಿ ಕ್ರಿ.ಶ. 968ರ ಕಂಚಿನ ಲೋಕೇಶ್ವರನಿದ್ದಾನೆ; ಮೂರು ಮುಖ, ಆರು ಕೈ. ಈತ ಬೌದ್ಧರವನೋ ಶೈವರವನೋ ಎಂದು ಪಂಡಿತರು ಚರ್ಚಿಸಿದ್ದಾರೆ. ಪ್ರದಕ್ಷಿಣೆ ಎಷ್ಟು ಎಂಬುದಷ್ಟೇ ಯಾತ್ರಿಕನ ಪ್ರಶ್ನೆ. 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ಕುದ್ರೋಳಿಯ ಗೋಕರ್ಣನಾಥ, ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ಲಿನಲ್ಲಿ ಇಟಲಿಯ ಆಂಟೋನಿಯೊ ಮೊಸ್ಕೆನಿ ಬರೆದ ಚಿತ್ರಗಳು, ಇವೂ ಆಗುತ್ತವೆ. ಚಾಪೆಲ್ಲಿನ ಚಾವಣಿ ನೋಡಲು ಎತ್ತಿದ ಕತ್ತು ಇಳಿಯುವುದು ಹೋಟೆಲಿನಲ್ಲಿ, ಮಾಣಿಯು “ಬೆಳ್ತಿಗೆಯಾ, ಕುಚ್ಚಲಕ್ಕಿಯಾ?” ಎಂದು ಕೇಳಿದಾಗ.

ಮರುದಿನ ಉಡುಪಿ. ಕೃಷ್ಣದರ್ಶನವಾದ ಮೇಲೆ ಯಾತ್ರಿಕನು ಮಸಾಲೆದೋಸೆ ತರಿಸಿ, ಅಂಚು ಮುರಿದು, “ಪರವಾಗಿಲ್ಲ, ಆದರೆ ನಮ್ಮ ಸಿ.ಟಿ.ಆರ್. ಥರ ಇಲ್ಲ” ಎಂದು ತೀರ್ಪು ಕೊಡುತ್ತಾನೆ. ಬೆಂಗಳೂರಿನ ಇನ್ನೊಂದು ಹೋಟೆಲಾದ ಎಂ.ಟಿ.ಆರ್. ಅನ್ನು 1924ರಲ್ಲಿ ಶುರುಮಾಡಿದ ಮಯ್ಯ ಸೋದರರು ಉಡುಪಿ ಕಡೆಯವರೇ ಎಂಬ ಆಕ್ಷೇಪಕ್ಕೆ ಸಮಾಧಾನ ಸುಲಭ: ಚೆನ್ನಾಗಿ ದೋಸೆ ಹುಯ್ಯುವವರೆಲ್ಲ ಬೆಂಗಳೂರಿಗೆ ಬಂದುಬಿಟ್ಟಿದ್ದಾರೆ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೂ ಹೋಗಬಹುದು. ಲಾವಾ ತಣಿದು ಬಿರಿದು ಕಂಬಗಳಾದ ಬಂಡೆಗಳು ಅಲ್ಲಿವೆ, ಮಳೆಗಾಲದಲ್ಲಿ ದೋಣಿಯಿಲ್ಲ. ಬಹುಪಾಲು ಕುಟುಂಬಗಳಿಗೆ ದೋಸೆಯ ತೀರ್ಪೇ ದೀರ್ಘವಾಗಿ ಕೊನೆಯ ದೋಣಿ ತಪ್ಪುತ್ತದೆ.

ಇನ್ನು ಸಂಬಂಧ. ಯಾತ್ರಿಕರು ಬಾಯಿಬಿಟ್ಟು ಹೇಳದ ಅನುಬಂಧ ಇದೊಂದೇ. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರಲ್ಲಿ, ಹೆಂಚಿನ ಕಾರ್ಖಾನೆ 1865ರಲ್ಲಿ, ಕಿಟ್ಟೆಲ್ ಕೋಶ 1894ರಲ್ಲಿ, ಎಲ್ಲವೂ ಅವರಿಂದ, ಅದೇ ಊರಿನಿಂದ. 1898ರ ಪ್ಲೇಗಿಗೆ ಹೆದರಿ ಪೇಟೆಯ ಜನ ಮಲ್ಲೇಶ್ವರಕ್ಕೆ ಬಂದು ಮನೆ ಕಟ್ಟಿದಾಗ ಸೂರಿಗೆ ಹೊದಿಸಿದ್ದು ಮಂಗಳೂರು ಹೆಂಚು. ಹೀಗೆ ಮಂಗಳೂರು ಒಂದು ಶತಮಾನ ಕಾಲ ಇವರ ತಲೆಯ ಮೇಲೆಯೇ ಇತ್ತು. ಮಳೆಗಾಲದಲ್ಲಿ ಸೋರಿದಾಗ ಮಾತ್ರ ನೆನಪಾಗುತ್ತಿತ್ತು. ತಾತ ಕಟ್ಟಿಸಿದ ಆ ಮನೆಯನ್ನು ಬಿಲ್ಡರಿಗೆ ಒಪ್ಪಿಸಿ, ಬದಲಿಗೆ ಎರಡು ಫ್ಲ್ಯಾಟು ಪಡೆದು, ಹೆಂಚನ್ನೆಲ್ಲ ಗುಜರಿಗೆ ಹಾಕಿದ ಗೃಹಸ್ಥನು ಸುಮಾರು 350 ಕಿಲೋಮೀಟರ್ ಪ್ರಯಾಣ ಮಾಡಿ, ಜೆಪ್ಪುವಿನ ಗಲ್ಲಿಯೊಂದರಲ್ಲಿ ಯಾರದೋ ಹೆಂಚಿನ ಮನೆಯ ಮುಂದೆ ಹೆಂಡತಿಯನ್ನು ನಿಲ್ಲಿಸಿ ಫೋಟೊ ತೆಗೆಯುತ್ತಾನೆ. “ಎಷ್ಟು ತಂಪು ನೋಡೇ” ಎಂಬುದು ಈ ಸಂದರ್ಭದ ಮಂತ್ರ. ಆ ಮನೆಯವರು ಒಳಗೆ ಬೆವರುತ್ತ, ಮಗ ಬೆಂಗಳೂರಿನಲ್ಲಿ ಕೊಂಡ ಫ್ಲ್ಯಾಟಿಗೆ ಬೇಸಿಗೆ ಕಳೆಯಲು ಹೋಗುವ ಸಿದ್ಧತೆಯಲ್ಲಿರುತ್ತಾರೆ.

ಪ್ರಯೋಜನವೆಂದರೆ ಗೇರುಬೀಜ ಮತ್ತು ಹಲಸಿನ ಹಪ್ಪಳ. ಎರಡೂ ಮಲ್ಲೇಶ್ವರದಲ್ಲಿಯೇ ಸಿಗುತ್ತವೆ. ಆದರೂ ಹೊತ್ತು ತಂದದ್ದಕ್ಕೆ ಮಾತ್ರ ಪ್ರಸಾದತ್ವ ಉಂಟು. ಹಪ್ಪಳವನ್ನು ಬಂದ ವಾರದೊಳಗೆ ಅಕ್ಕಪಕ್ಕದ ಮೂರು ಮನೆಗಳಿಗೆ ಹಂಚತಕ್ಕದ್ದು. ಮೂರರಲ್ಲೊಂದು ಮನೆಯವರು ಪುತ್ತೂರಿನ ಕಡೆಯವರಾಗಿದ್ದರೆ ಅವರಿಗೆ ಗೇರುಬೀಜವನ್ನೇ ಕೊಡಬೇಕು, ಹಪ್ಪಳ ಕೊಟ್ಟರೆ ಎಲ್ಲಿ ಕೊಂಡಿರಿ, ಎಷ್ಟಕ್ಕೆ ಕೊಂಡಿರಿ ಎಂದು ಕೇಳುತ್ತಾರೆ.