ಹೊರಗಿನ ಯೂನಿಟ್ಟಿನ ನೀರು ಎಲ್ಲಿಗೆ ಹೋಗುತ್ತದೆ?

ಬ್ರಿಟನ್ನಿನಲ್ಲಿ ಮನೆಗೆ ಹೀಟ್ ಪಂಪ್ ಹಾಕಿಸಲು ಹೊರಟಿರುವ ಕನ್ನಡಿಗರಿಗೊಂದು ಬಹಿರಂಗ ಪತ್ರ

ಬಂಧುಗಳೇ,

ಗ್ಯಾಸ್ ಬಾಯ್ಲರ್ ತೆಗೆಸಿ ಹೀಟ್ ಪಂಪ್ ಹಾಕಿಸುವವರಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರ 2023ರ ಅಕ್ಟೋಬರಿನಿಂದ 7,500 ಪೌಂಡ್ ಸಹಾಯಧನ ಕೊಡುತ್ತಿದೆ. ಖಂಡಿತ ಹಾಕಿಸಿ. ಆದರೆ ಕೊಟೇಶನ್ನಿಗೆ ಸಹಿ ಹಾಕುವ ಮುನ್ನ, ಹೊರಗಿನ ಯೂನಿಟ್ಟಿನಿಂದ ಇಳಿಯುವ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ರೇಡಿಯೇಟರ್ ಅಳತೆ, ಸದ್ದು, ಕರೆಂಟ್ ಬಿಲ್ಲು ಎಲ್ಲದಕ್ಕೂ ಲೆಕ್ಕ ಬರೆದುಕೊಡುವವರು ಇದಕ್ಕೆ ಮಾತ್ರ ‘ನೆಲದಲ್ಲಿ ಇಂಗುತ್ತೆ ಬಿಡಿ’ ಎಂದರೆ ಒಪ್ಪಬೇಡಿ.

ನಮ್ಮೂರಿನ ಎಸಿ ಕಂಡವರಿಗೆ ಈ ಪ್ರಶ್ನೆ ಹೊಳೆಯುವುದು ಕಷ್ಟ. ಅಲ್ಲಿ ತಣ್ಣಗಾಗುವುದು ಒಳಗಿನ ಯೂನಿಟ್ಟು, ನೀರು ಕಟ್ಟುವುದೂ ಅಲ್ಲೇ. ಮನೆ ಬೆಚ್ಚಗಿಡುವ ಹೀಟ್ ಪಂಪಿನಲ್ಲಿ ಎಲ್ಲ ತಿರುವುಮುರುವು. ಹೊರಗಿನ ಗಾಳಿಯಿಂದ ಶಾಖ ಎಳೆಯಬೇಕಾದ್ದರಿಂದ ಹೊರಗಿನ ಕಾಯಿಲ್ ಆ ಗಾಳಿಗಿಂತಲೂ ತಣ್ಣಗಿರುತ್ತದೆ. ಗಾಳಿಯ ತೇವ ಅದರ ಮೇಲೆ ನೀರಾಗಿ, ಚಳಿ ಹೆಚ್ಚಿದಾಗ ಬಿಳಿ ಹಿಮವಾಗಿ ಕೂರುತ್ತದೆ. ಹಿಮ ದಪ್ಪವಾದಂತೆ ಗಾಳಿ ಆಡುವುದಿಲ್ಲ. ಆಗ ಯಂತ್ರ ಫ್ಯಾನ್ ನಿಲ್ಲಿಸಿ, ಮನೆಯೊಳಗಿನ ಶಾಖವನ್ನೇ ಸ್ವಲ್ಪ ಹೊತ್ತು ಹೊರಕ್ಕೆ ಹರಿಸಿ ಹಿಮ ಕರಗಿಸುತ್ತದೆ. ಇದೇ ಡಿಫ್ರಾಸ್ಟ್. ಆಗ ಏಳುವ ಆವಿಯನ್ನು ಹೊಗೆ ಎಂದು ತಿಳಿದು ಗಾಬರಿಯಾಗಬೇಡಿ. ನೋಡಬೇಕಾದ್ದು ಕೆಳಗೆ ಧುಮುಕುವ ನೀರನ್ನು.

ಅದು ಹೆಚ್ಚಾಗಿ ಬರುವುದು ಕೊರೆಯುವ ಚಳಿಯಲ್ಲಲ್ಲ. ಮೈನಸ್ 10 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿದಿಡಬಲ್ಲ ತೇವ ಎರಡು ಗ್ರಾಂಗಿಂತ ತುಸು ಹೆಚ್ಚು, 5 ಡಿಗ್ರಿಯಲ್ಲಿ ಸುಮಾರು 7 ಗ್ರಾಂ. ಸೊನ್ನೆಯಿಂದ ಐದು ಡಿಗ್ರಿಯ ನಡುವೆ ಮಂಜು, ಜಿಟಿಜಿಟಿ ಮಳೆ: ಬ್ರಿಟನ್ನಿನ ಚಳಿಗಾಲವೆಂದರೆ ಬಹುತೇಕ ಇದೇ. ನೀರು ಬಂತೆಂದರೆ ಯಂತ್ರ ಕೆಟ್ಟಿದೆ ಎಂದಲ್ಲ. ಒಂದು ಲೀಟರ್ ತೇವ ನೀರಾಗುವಾಗ ಸುಮಾರು 0.7 ಕಿಲೋವಾಟ್-ಗಂಟೆ ಶಾಖ ಬಿಟ್ಟುಕೊಡುತ್ತದೆ, ಅದೂ ಮನೆಯೊಳಗೇ ಬರುತ್ತದೆ. ಆ ನೀರಿಗೆ ದಾರಿ ಮಾಡಿಕೊಡದಿರುವುದೇ ತಪ್ಪು.

ದಾರಿ ಇಲ್ಲದ ನೀರು ಕಲ್ಲುಹಾಸಿನ ಮೇಲೆ ಹರಿದು, ರಾತ್ರಿ ಹೆಪ್ಪುಗಟ್ಟಿ, ಕಣ್ಣಿಗೆ ಕಾಣದ ಮಂಜುಗಡ್ಡೆಯಾಗುತ್ತದೆ. ಅದರ ಮೇಲೆ ಕಾಲಿಡುವವರು ಅಂಚೆಯವರು, ಶಾಲೆಗೆ ಹೊರಟ ಮಕ್ಕಳು, ಮೊಮ್ಮಗುವನ್ನು ನೋಡಲು ಊರಿಂದ ಬಂದ ನಿಮ್ಮ ಅಪ್ಪ ಅಮ್ಮ. ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಯೂನಿಟ್ಟಿನ ತಳದಲ್ಲೇ ನೀರು ನಿಂತು ಗಡ್ಡೆಯಾದರೆ ಫ್ಯಾನಿನ ರೆಕ್ಕೆಗೂ ತಾಗೀತು.

ಪರಿಹಾರ ದುಬಾರಿಯೇನಲ್ಲ. ಯೂನಿಟ್ಟನ್ನು ನೆಲದಿಂದ ಎತ್ತರಿಸಿ ಕೂರಿಸಬೇಕು. ಅಡಿಯಲ್ಲಿ ಆಳವಾದ ಗುಂಡಿ ತೋಡಿ ಜಲ್ಲಿ ತುಂಬಿಸಬೇಕು, ಅದೂ ಮನೆಯ ತಳಪಾಯಕ್ಕೆ ನೀರು ನುಗ್ಗದಷ್ಟು ದೂರದಲ್ಲಿ. ಲಂಡನ್ ಸುತ್ತಮುತ್ತಲಿನಂತೆ ಜೇಡಿಮಣ್ಣಿದ್ದರೆ ಗುಂಡಿ ಇಂಗಿಸಿಕೊಳ್ಳದೆ ತುಂಬಿಬಿಡುತ್ತದೆ. ಅಲ್ಲಿ ಪೈಪ್ ಹಾಕಿ ಡ್ರೈನಿಗೆ ಸೇರಿಸುವುದೇ ಸರಿ. ಆ ಪೈಪ್ ಅಗಲವಾಗಿರಲಿ, ಇಳಿಜಾರಾಗಿರಲಿ, ಹೊದಿಕೆ ಇರಲಿ. ಚಳಿ ಜೋರಿರುವ ಕಡೆ ಒಳಗೊಂದು ಹೀಟರ್ ಕೇಬಲ್ಲೂ ಬೇಕು. ಸಣ್ಣ ಬರಿ ಪೈಪ್ ಮೊದಲ ಹಿಮಕ್ಕೇ ಕಟ್ಟಿಕೊಳ್ಳುತ್ತದೆ. ಗೋಡೆಗೆ ಬ್ರಾಕೆಟ್ ಹಾಕಿ ಕಾಲುದಾರಿಯ ಮೇಲೆ ತೂಗುಹಾಕುವುದಕ್ಕಂತೂ ಒಪ್ಪಲೇಬೇಡಿ.

ಪಕ್ಕದ ಮನೆಯವರನ್ನೂ ನೆನೆಯಿರಿ. ಬೇಲಿಯಿಂದ ಒಂದು ಮೀಟರ್ ದೂರವಿರಬೇಕೆಂಬ ಷರತ್ತನ್ನು ಇಂಗ್ಲೆಂಡಿನಲ್ಲಿ 2025ರ ಮೇ ತಿಂಗಳಲ್ಲಿ ತೆಗೆದುಹಾಕಿದರು. ಜಾಗ ಕಡಿಮೆಯಿರುವ ಮನೆಗಳಿಗೆ ಅನುಕೂಲವಾಯಿತು, ನಿಜ. ಆದರೆ ನಿಮ್ಮ ನೀರು ಅವರ ಅಂಗಳಕ್ಕೆ ಹರಿಯುವುದೂ ಅಷ್ಟೇ ಸುಲಭವಾಯಿತು.

ಈಗಾಗಲೇ ಹಾಕಿಸಿದ್ದರೆ ತೇವದ ಚಳಿಯಿರುವ ಒಂದು ಬೆಳಗ್ಗೆ ಹೊರಗೆ ಹೋಗಿ, ಒಂದು ಡಿಫ್ರಾಸ್ಟ್ ಮುಗಿಯುವವರೆಗೆ ನಿಂತು ನೀರು ಹರಿಯುವ ದಿಕ್ಕು ನೋಡಿ. ಅದು ನಡೆಯುವ ದಾರಿಗೆ ಬರುತ್ತಿದ್ದರೆ ಫೋಟೊ ತೆಗೆದು, ಹಾಕಿಕೊಟ್ಟವರಿಗೆ ಬರೆದು, ಸರಿಪಡಿಸಲು ಹೇಳಿ. ಇನ್ನು ಹಾಕಿಸಬೇಕಿರುವವರು ನಕ್ಷೆಯಲ್ಲಿ ಆ ನೀರಿನ ಗೆರೆಯನ್ನೂ ಹಾಕಿಕೊಡುವವರಿಂದಲೇ ಎಳೆಸಿ, ಆಮೇಲೆ ಸಹಿ ಹಾಕಿ.

ಇಂತಿ,
ನಿಮ್ಮವನೇ ಒಬ್ಬ